ಶಿವೇತರಕ್ಷತಿ: ಯುದ್ಧದ ಸೆರೆಯಲ್ಲಿ ಕಲೆ

೧

ಕಾವ್ಯದಿಂದ ಪ್ರಯೋಜನವೇನು ಎಂಬ ಪ್ರಶ್ನೆಗೆ ಹನ್ನೊಂದನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ಮಮ್ಮಟನು ತನ್ನ ‘ಕಾವ್ಯಪ್ರಕಾಶ’ದ ಮೊದಲಲ್ಲಿಯೇ ಆರು ಉತ್ತರಗಳನ್ನು ಕೊಟ್ಟಿದ್ದಾನೆ. ಕೀರ್ತಿ, ಧನಲಾಭ, ಲೋಕವ್ಯವಹಾರದ ತಿಳಿವಳಿಕೆ, ಅಮಂಗಳದ ನಿವಾರಣೆ, ಆಸ್ವಾದಿಸಿದ ಕ್ಷಣದಲ್ಲಿಯೇ ದೊರೆಯುವ ಪರಮಾನಂದ, ಕಾಂತೆಯ ಮಾತಿನಂತೆ ಮನಸ್ಸನ್ನು ಒಲಿಸಿಕೊಳ್ಳುವ ಉಪದೇಶ, ಇವೇ ಆ ಆರು. ಇವುಗಳಲ್ಲಿ ಐದನೆಯದಾದ ‘ಸದ್ಯಃಪರನಿರ್ವೃತಿ’ಯನ್ನು ಕುರಿತು ನಮ್ಮಲ್ಲಿ ಬೇಕಾದಷ್ಟು ಚರ್ಚೆ ನಡೆದಿದೆ. ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ಯ ಮೂಲಕ ಈ ಶಾಸ್ತ್ರದ ಬಾಗಿಲನ್ನು ಕಂಡ ನನ್ನಂಥವರಿಗೆ ಅದೇ ಪರಮಪ್ರಯೋಜನವೆಂಬುದು ಬಹುಕಾಲದಿಂದ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ನಾಲ್ಕನೆಯದಾದ ‘ಶಿವೇತರಕ್ಷತಿ’ಯ ಬಳಿಗೆ ಬಂದಾಗ ಮಾತ್ರ ನಾವು ಸ್ವಲ್ಪ ಸಂಕೋಚದಿಂದ ಮುಂದೆ ಸಾಗಿಬಿಡುತ್ತೇವೆ. ಶಿವಕ್ಕೆ ಇತರವಾದದ್ದು ಅಮಂಗಳ. ಕಾವ್ಯದಿಂದ ಅದಕ್ಕೆ ಕ್ಷತಿಯುಂಟಾಗುತ್ತದೆ ಎಂದು ಆಚಾರ್ಯನ ಅಭಿಪ್ರಾಯ. ಅವನು ಹೆಸರಿಸುವ ನಿದರ್ಶನ ಮಯೂರ ಕವಿಯದು. ಸೂರ್ಯನನ್ನು ನೂರು ಶ್ಲೋಕಗಳಲ್ಲಿ ಸ್ತುತಿಸಿ ಆ ಕವಿಯು ಕುಷ್ಠರೋಗದಿಂದ ಪಾರಾದನೆಂಬುದು ಐತಿಹ್ಯ. ಆಧುನಿಕ ವಿದ್ಯಾಭ್ಯಾಸ ಪಡೆದ ನಮಗೆ ಇದು ಸ್ತೋತ್ರಮಹಿಮೆಯ ಮಾತಾಗಿ ಕಾಣುತ್ತದೆಯೇ ಹೊರತು ವಿಮರ್ಶೆಯ ಮಾತಾಗಿ ಕಾಣುವುದಿಲ್ಲ.

ಆದರೆ ಇದೇ ಮಾತನ್ನು ಬೇರೆ ವೇಷದಲ್ಲಿ ನಾವು ಈಗ ದಿನವೂ ಕೇಳುತ್ತಿದ್ದೇವೆ. ಎರಡನೆಯ ಮಹಾಯುದ್ಧದ ಸೆರೆಶಿಬಿರಗಳಲ್ಲಿ ಹುಟ್ಟಿದ ಸಂಗೀತ, ಚಿತ್ರ, ನಾಟಕಗಳನ್ನು ಕುರಿತು ಪುಸ್ತಕಗಳೂ ಚಲನಚಿತ್ರಗಳೂ ಸಾಲುಸಾಲಾಗಿ ಬಂದಿವೆ. ಅವುಗಳಲ್ಲಿ ಬಹುಪಾಲಿನ ಪಲ್ಲವಿ ಒಂದೇ: ‘ಕಲೆ ಅವರನ್ನು ಬದುಕಿಸಿತು.’ ಮಯೂರನ ರೋಗಶಮನವನ್ನು ನಂಬದ ನಾವು ಈ ಮಾತನ್ನು ಮಾತ್ರ ಪರೀಕ್ಷಿಸದೆ ಒಪ್ಪಿಕೊಳ್ಳುತ್ತೇವೆ. ನನ್ನ ಉದ್ಯೋಗ ಬ್ಯಾಂಕಿನದು. ಲೆಕ್ಕದ ಎರಡು ಕಡೆಗಳನ್ನೂ ತಾಳೆ ನೋಡದೆ ರುಜು ಹಾಕಬಾರದೆಂಬುದು ಅಲ್ಲಿ ಕಲಿತ ಪಾಠ. ಆ ಪಾಠವನ್ನೇ ಇಲ್ಲಿ ಪ್ರಯೋಗಿಸಿ, ಕಲೆ ಸೆರೆಯಲ್ಲಿ ಏನನ್ನು ಉಳಿಸಿತು, ಏನನ್ನು ಉಳಿಸಲಾರದೆ ಹೋಯಿತು ಎಂಬುದನ್ನು ಕೆಲವು ನಿದರ್ಶನಗಳ ಮೂಲಕ ವಿಚಾರಿಸುವುದು ಈ ಲೇಖನದ ಉದ್ದೇಶ. ಮಮ್ಮಟನು ಕಾವ್ಯ ಎಂದಲ್ಲೆಲ್ಲ ವಾಚಕರು ಕಲೆ ಎಂದು ಗ್ರಹಿಸಬೇಕಾಗಿ ಬೇಡುತ್ತೇನೆ.

೨

ಮೊದಲು ಎಲ್ಲಕ್ಕಿಂತ ಪ್ರಸಿದ್ಧವಾದ ಪ್ರಸಂಗ. ಫ್ರಾನ್ಸಿನ ಸಂಗೀತಕಾರ ಒಲಿವಿಯೆ ಮೆಸಿಯಾನ್ ೧೯೪೦ರಲ್ಲಿ ಜರ್ಮನರ ಸೆರೆಯಾಳಾಗಿ ಗೋರ್ಲಿಟ್ಸ್ ಪಟ್ಟಣದ ಶಿಬಿರಕ್ಕೆ ಬಂದನು. ಆಗ ಅವನಿಗೆ ಮೂವತ್ತೆರಡರ ಒಳಗಿನ ವಯಸ್ಸು. ಅಲ್ಲಿ ಅವನಿಗೆ ಜೊತೆಯಾದವರು ಮೂವರು: ಕ್ಲ್ಯಾರಿನೆಟ್ ನುಡಿಸುವ ಆನ್ರಿ ಅಕೋಕಾ, ಪಿಟೀಲಿನ ಜಾನ್ ಲ ಬುಲೇರ್, ಸೆಲ್ಲೊ ವಾದಕ ಎಟಿಯೆನ್ ಪಾಸ್ಕಿಯೇ. ಕಾರ್ಲ್ ಆಲ್ಬರ್ಟ್ ಬ್ರ್ಯೂಲ್ ಎಂಬ ಜರ್ಮನ್ ಕಾವಲುಗಾರನು ಕಾಗದವನ್ನೂ ಪೆನ್ಸಿಲನ್ನೂ ಒದಗಿಸಿದನು. ಈ ನಾಲ್ಕು ವಾದ್ಯಗಳಿಗಾಗಿ ಎಂಟು ಭಾಗಗಳ ಒಂದು ಕೃತಿ ಸಿದ್ಧವಾಗಿ, ೧೯೪೧ರ ಜನವರಿ ೧೫ರ ಸಂಜೆ ಶಿಬಿರದ ಇಪ್ಪತ್ತೇಳನೆಯ ಬ್ಯಾರಕ್ಕಿನಲ್ಲಿ, ಕಡುಚಳಿಯಲ್ಲಿ, ಸಹಕೈದಿಗಳ ಮತ್ತು ಕಾವಲುಗಾರರ ಎದುರಿನಲ್ಲಿ ಮೊದಲ ಬಾರಿಗೆ ನುಡಿಯಿತು. ‘ಕಾಲದ ಅಂತ್ಯಕ್ಕಾಗಿ ಚತುರ್ವಾದ್ಯ’ ಎಂಬುದು ಅದರ ಹೆಸರಿನ ಅರ್ಥ. ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಂಗೀತದ ಮೇರುಕೃತಿಗಳಲ್ಲಿ ಅದೂ ಒಂದೆಂಬ ವಿಷಯದಲ್ಲಿ ಬಲ್ಲವರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಈ ಪ್ರಸಂಗದ ಸುತ್ತ ಐತಿಹ್ಯವೊಂದು ಬೆಳೆಯಿತು; ಅದನ್ನು ಬೆಳೆಸಿದವರಲ್ಲಿ ಸ್ವತಃ ಮೆಸಿಯಾನನೇ ಮೊದಲಿಗ. ಐದು ಸಾವಿರ ಮಂದಿ ಕೇಳಿದರೆಂದೂ ಸೆಲ್ಲೊವಿಗೆ ಮೂರೇ ತಂತಿಗಳಿದ್ದುವೆಂದೂ ಅವನು ಮುಂದೆ ಹೇಳುತ್ತಿದ್ದನು. ಆ ವಾದ್ಯವನ್ನು ನುಡಿಸಿದ ಪಾಸ್ಕಿಯೇ ತಂತಿಗಳು ನಾಲ್ಕೂ ಇದ್ದುವೆಂದು ಸ್ಪಷ್ಟಪಡಿಸಿದ್ದಾನೆ. ಆ ಬ್ಯಾರಕ್ಕಿನಲ್ಲಿ ಹಿಡಿಯುವಷ್ಟು ಜನ ಕೆಲವು ನೂರು ಮಾತ್ರ. ಕೃತಿಯ ಎಲ್ಲ ಭಾಗಗಳೂ ಶಿಬಿರದಲ್ಲಿ ಹುಟ್ಟಿದವಲ್ಲ. ಎರಡು ಭಾಗಗಳು ಅವನು ಯುದ್ಧಕ್ಕೆ ಮೊದಲೇ ಬರೆದಿದ್ದ ರಚನೆಗಳ ರೂಪಾಂತರಗಳು. ಹೀಗೆ ಹೇಳುವುದರಿಂದ ಕೃತಿಯ ಗೌರವಕ್ಕೆ ಕುಂದಿಲ್ಲ. ನಾಲ್ಕು ತಂತಿಗಳ ಸೆಲ್ಲೊ ಮೂರು ತಂತಿಗಳದ್ದಕ್ಕಿಂತ ಕಡಮೆ ಸತ್ಯವಲ್ಲ. ಸೆರೆಯ ಕಲೆಯೆಂದರೆ ಪವಾಡವಾಗಿಯೇ ಇರಬೇಕೆಂಬ ಹಂಬಲ ನಮ್ಮದು. ಆ ಹಂಬಲವೇ ಮಯೂರನ ಕಥೆಯನ್ನೂ ಹುಟ್ಟಿಸಿರಬೇಕು.

ಪವಾಡವನ್ನು ಬದಿಗಿಟ್ಟ ಮೇಲೆ ಉಳಿಯುವುದೇನು? ಕೆಲಸ ಉಳಿಯುತ್ತದೆ. ಸೆರೆಯವನ ಕಾಲ ಸೆರೆಹಿಡಿದವನ ಸ್ವತ್ತು. ಎಬ್ಬಿಸುವವನು, ಎಣಿಸುವವನು, ಗಂಜಿ ಹೊಯ್ಯುವವನು, ದೀಪ ಆರಿಸುವವನು ಎಲ್ಲ ಅವನೇ. ‘ನಾಳೆ’ ಎಂಬ ಪದಕ್ಕೆ ಸೆರೆಯವನ ಬಾಯಲ್ಲಿ ಅರ್ಥವಿಲ್ಲ. ಆದರೆ ಕಠಿನವಾದೊಂದು ಭಾಗವನ್ನು ಅಭ್ಯಾಸಮಾಡುತ್ತಿರುವ ನಾಲ್ವರಿಗೆ ನಾಳೆಯಿದೆ: ಇಂದು ತಪ್ಪಿದ ಲಯವನ್ನು ನಾಳೆ ಸರಿಪಡಿಸಬೇಕು. ಈ ಕೃತಿಯಲ್ಲಿ ಮೆಸಿಯಾನನು ಪಾಶ್ಚಾತ್ಯ ಸಂಗೀತದ ಸಮಪ್ರಮಾಣದ ತಾಳವನ್ನು ಬೇಕೆಂದೇ ಸಡಿಲಿಸಿದ್ದಾನೆ. ಶೀರ್ಷಿಕೆಯಲ್ಲಿರುವ ಕಾಲದ ಅಂತ್ಯಕ್ಕೆ ಬೈಬಲ್ಲಿನ ಅರ್ಥದೊಡನೆ ಈ ಅರ್ಥವೂ ಸೇರಿದೆ. ಗಡಿಯಾರವನ್ನು ಕೈಯಲ್ಲಿ ಹಿಡಿದ ಕಾವಲುಗಾರನ ಎದುರಿನಲ್ಲಿ, ಗಡಿಯಾರಕ್ಕೆ ಸಿಕ್ಕದ ಕಾಲವನ್ನು ನಾಲ್ವರು ಸುಮಾರು ಒಂದು ಗಂಟೆಯ ಹೊತ್ತು ಹಿಡಿದು ನಿಲ್ಲಿಸಿದರು. ಇದು ಪವಾಡವಲ್ಲ, ಪರಿಶ್ರಮ. ಆದುದರಿಂದಲೇ ಇದು ಹೆಚ್ಚಿನದು.

ನಾಲ್ವರ ಮುಂದಿನ ಬದುಕನ್ನೂ ಗಮನಿಸಬೇಕು. ಮೆಸಿಯಾನನು ೧೯೪೧ರಲ್ಲಿಯೇ ಬಿಡುಗಡೆ ಹೊಂದಿ ಪ್ಯಾರಿಸಿನಲ್ಲಿ ಅಧ್ಯಾಪಕನಾದನು. ಯಹೂದಿಯಾದ ಅಕೋಕಾ ಚಲಿಸುತ್ತಿದ್ದ ರೈಲಿನಿಂದ ಕ್ಲ್ಯಾರಿನೆಟ್ಟಿನೊಡನೆ ಹಾರಿ ತಪ್ಪಿಸಿಕೊಂಡನು. ಲ ಬುಲೇರ್ ಯುದ್ಧಾನಂತರ ಪಿಟೀಲನ್ನೇ ತೊರೆದು ಬೇರೊಂದು ಹೆಸರಿನಿಂದ ನಟನಾದನು. ಒಂದೇ ಕೃತಿ ನಾಲ್ವರಿಗೆ ನಾಲ್ಕು ಬಗೆಯಲ್ಲಿ ಒದಗಿತು. ಒಬ್ಬನ ಪಾಲಿಗೆ ಸಂಗೀತವೇ ಮುಂದುವರಿಯಲಿಲ್ಲ. ‘ಕಲೆ ಬದುಕಿಸಿತು’ ಎಂಬ ಸರಳ ವಾಕ್ಯ ಇಲ್ಲಿಯೇ ಅಲುಗತೊಡಗುತ್ತದೆ.

೩

ಎರಡನೆಯ ನಿದರ್ಶನಕ್ಕೆ ನಾವು ಯೂರೋಪನ್ನು ಬಿಟ್ಟು ಏಷ್ಯಕ್ಕೆ, ಸುಮಾತ್ರಾ ದ್ವೀಪದ ಪಾಲೆಂಬಾಂಗಿಗೆ ಬರಬೇಕು. ೧೯೪೨ರ ಫೆಬ್ರವರಿ ೧೫ರಂದು ಸಿಂಗಪುರ ಜಪಾನೀಯರ ವಶವಾಯಿತು. ಅಲ್ಲಿಂದ ಹಡಗುಗಳಲ್ಲಿ ಓಡಿಹೋಗುತ್ತಿದ್ದ ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಹೆಂಗಸರೂ ಮಕ್ಕಳೂ, ದ್ವೀಪದಲ್ಲಿಯೇ ಇದ್ದ ಡಚ್ ಕುಟುಂಬಗಳ ಹೆಂಗಸರೂ ಅಲ್ಲಿಯ ಶಿಬಿರಗಳಲ್ಲಿ ಸೇರಿದರು. ಅವರಲ್ಲಿ ಮಾರ್ಗರೆಟ್ ಡ್ರೈಬರ್ಗ್ ಎಂಬ ಕ್ರೈಸ್ತಸೇವಕಿಯೂ, ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಸಂಗೀತ ಕಲಿತಿದ್ದ ನೋರಾ ಚೇಂಬರ್ಸ್ ಎಂಬಾಕೆಯೂ ಇದ್ದರು. ವಾದ್ಯಗಳಿಲ್ಲ, ಸ್ವರಲಿಪಿಯ ಪುಸ್ತಕಗಳಿಲ್ಲ. ಹಾಡೋಣವೆಂದರೆ ಶಿಬಿರಕ್ಕೆಲ್ಲ ಒಂದೇ ಭಾಷೆಯೂ ಇಲ್ಲ. ಡ್ರೈಬರ್ಗ್ ತನ್ನ ನೆನಪಿನಿಂದ ಪಿಯಾನೊ ಮತ್ತು ವಾದ್ಯವೃಂದದ ಪ್ರಸಿದ್ಧ ಕೃತಿಗಳನ್ನು ಬರೆದಿಳಿಸಿದಳು; ಇಬ್ಬರೂ ಸೇರಿ ಅವನ್ನು ಹೆಣ್ಣುಕಂಠಗಳ ನಾಲ್ಕು ಪಂಕ್ತಿಗಳಿಗೆ ಹೊಂದಿಸಿದರು. ಮಾತಿಗೆ ಬದಲಾಗಿ ಅರ್ಥವಿಲ್ಲದ ಕೇವಲ ಅಕ್ಷರಧ್ವನಿಗಳು. ಸುಮಾರು ಮೂವತ್ತು ಮಂದಿ ಹೆಂಗಸರು ಹೀಗೆ ತಾವೇ ವಾದ್ಯಗಳಾದರು. ೧೯೪೩ರ ಡಿಸೆಂಬರ್ ೨೭ರಂದು ಈ ಕಂಠವಾದ್ಯವೃಂದದ ಮೊದಲ ಕಚೇರಿ ನಡೆಯಿತು. ಡ್ವೋರ್ಝಾಕನ ‘ನೂತನ ಪ್ರಪಂಚ’ ಸಿಂಫನಿಯ ವಿಲಂಬಿತ ಭಾಗ ಅಂದು ಕೇಳಿಸಿದ ಕೃತಿಗಳಲ್ಲಿ ಒಂದು.

ಹಗಲೆಲ್ಲ ನೀರು ಹೊತ್ತು, ನೆಲ ಅಗೆದು, ಪಾಯಖಾನೆಗಳನ್ನು ಶುಚಿಮಾಡಿ ಸೋತ ದೇಹಗಳು ಅವು. ನಿಂತು ಹಾಡುವ ತ್ರಾಣವಿಲ್ಲದೆ ಅವರು ಕುಳಿತು ಹಾಡಿದರು. ಸಭೆಯನ್ನು ಚದುರಿಸಲೆಂದು ಬಂದ ಕಾವಲುಗಾರನೊಬ್ಬನು ಕೊನೆಯವರೆಗೂ ನಿಂತು ಕೇಳಿದನೆಂದು ಬದುಕುಳಿದವರು ನೆನೆದಿದ್ದಾರೆ. ನಮ್ಮ ಸಂಗೀತದ ಪರಿಚಯವಿರುವವರಿಗೆ ಇಲ್ಲಿ ಒಂದು ಮಾತು ಹೊಳೆಯದಿರದು. ಸಾಹಿತ್ಯವಿಲ್ಲದ ರಾಗಾಲಾಪನೆ ಹೃದಯವನ್ನು ನೇರವಾಗಿ ಮುಟ್ಟಬಲ್ಲುದೆಂಬುದು ನಮಗೆ ಹೊಸ ವಿಷಯವಲ್ಲ. ಆದರೆ ಪಾಲೆಂಬಾಂಗಿನಲ್ಲಿ ಮಾತನ್ನು ಬಿಟ್ಟದ್ದು ಸಿದ್ಧಾಂತಕ್ಕಾಗಿ ಅಲ್ಲ. ಡಚ್ಚರೂ ಆಂಗ್ಲರೂ ಪರಸ್ಪರ ಬಿಗುಮಾನದಿಂದ ಒಂದೇ ಸೂರಿನ ಕೆಳಗೆ ಹಿಡಿಯನ್ನಕ್ಕೆ ಕಾಯುತ್ತಿದ್ದರು. ಅವರ ನಡುವೆ ಒಂದು ಮಾತಿಲ್ಲದ ಭಾಷೆಯನ್ನು ನಿರ್ಮಿಸಬೇಕಾಗಿತ್ತು. ಒಬ್ಬಳ ಸ್ವರ ಇನ್ನೊಬ್ಬಳ ಸ್ವರವಿಲ್ಲದೆ ಅಪೂರ್ಣ. ಆದಕಾರಣ ಒಬ್ಬಳ ಆರೋಗ್ಯ ಇನ್ನೊಬ್ಬಳ ಕಾಳಜಿಯಾಯಿತು. ಹಸಿವು ಮನುಷ್ಯರನ್ನು ಒಂಟಿಯಾಗಿಸುತ್ತದೆ. ನಾಲ್ಕು ಪಂಕ್ತಿಗಳ ಗಾನ ಅವರನ್ನು ಮತ್ತೆ ಒಬ್ಬರಿಗೊಬ್ಬರನ್ನು ಬೇಕಾದವರನ್ನಾಗಿ ಮಾಡುತ್ತದೆ. ಕಾಂತಾಸಮ್ಮಿತವಾದ ಉಪದೇಶ ಎಂದು ಮಮ್ಮಟನು ಹೇಳಿದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು: ಯಾರೂ ಯಾರಿಗೂ ನೀತಿಯನ್ನು ಬೋಧಿಸಲಿಲ್ಲ, ಆದರೆ ಎಲ್ಲರೂ ಕಲಿತರು.

ಈಗ ಲೆಕ್ಕದ ಇನ್ನೊಂದು ಕಡೆ. ಹಾಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ರೋಗದಿಂದಲೂ ಹಸಿವಿನಿಂದಲೂ ತೀರಿಕೊಂಡು, ಯುದ್ಧ ಮುಗಿಯುವ ಮೊದಲೇ ಆ ವೃಂದ ಮೌನವಾಯಿತು. ಡ್ರೈಬರ್ಗ್ ೧೯೪೫ರ ಏಪ್ರಿಲಿನಲ್ಲಿ, ಬಿಡುಗಡೆಗೆ ಕೆಲವೇ ತಿಂಗಳ ಮುಂಚೆ, ಶಿಬಿರದಲ್ಲಿಯೇ ಪ್ರಾಣಬಿಟ್ಟಳು. ಆಕೆಯ ಕೈಬರಹದ ಸ್ವರಲಿಪಿ ಮಾತ್ರ ಉಳಿಯಿತು. ಇಂದು ಬೇರೆ ಬೇರೆ ದೇಶಗಳ ಹೆಣ್ಣುಕಂಠಗಳು ಅದನ್ನು ಹಾಡುತ್ತಿವೆ. ದೇಹ ಹೋಯಿತು, ಕಾಗದ ಉಳಿಯಿತು. ಇದು ‘ಬದುಕಿಸಿತು’ ಎಂಬ ಮಾತಿನ ಅರ್ಥವೆ?

೪

ಈ ಪ್ರಶ್ನೆಯನ್ನು ಅತ್ಯಂತ ಕ್ರೂರವಾಗಿ ಕೇಳುವ ಸ್ಥಳ ಬೊಹೀಮಿಯಾ ಪ್ರಾಂತದ ತೆರೆಜೀನ್. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಎರಡನೆಯ ಜೋಸೆಫನು ಕಟ್ಟಿಸಿ ತನ್ನ ತಾಯಿ ಮರಿಯಾ ತೆರೇಸಳ ಹೆಸರಿಟ್ಟ ಕೋಟೆಯೂರು ಅದು. ೧೯೪೧ರ ನವೆಂಬರಿನಿಂದ ನಾತ್ಸಿಗಳು ಅದನ್ನು ಯಹೂದಿಗಳ ಸೆರೆಯಾಗಿ ಮಾರ್ಪಡಿಸಿದರು. ಒಟ್ಟು ಸುಮಾರು ೧,೪೦,೦೦೦ ಮಂದಿಯನ್ನು ಅಲ್ಲಿಗೆ ತಂದರು. ಸುಮಾರು ೩೩,೦೦೦ ಮಂದಿ ಅಲ್ಲಿಯೇ ಸತ್ತರು. ಸುಮಾರು ೮೮,೦೦೦ ಮಂದಿಯನ್ನು ಪೂರ್ವದ ಕೊಲೆಶಿಬಿರಗಳಿಗೆ ಸಾಗಿಸಿದರು. ಮಧ್ಯ ಯೂರೋಪಿನ ಸಂಗೀತಗಾರರು, ಚಿತ್ರಕಾರರು, ನಟರು, ಪಂಡಿತರು ಇಷ್ಟು ಮಂದಿ ಒಂದೇ ಗೋಡೆಯೊಳಗೆ ಕೂಡಿದುದರಿಂದ ಅಲ್ಲಿ ನಡೆದ ಕಲಾವ್ಯವಸಾಯ ಒಂದು ರಾಜಧಾನಿಗೆ ಸಲ್ಲುವಷ್ಟಿತ್ತು.

ರಾಫೆಲ್ ಷೆಖ್ಟರ್ ಎಂಬ ನಿರ್ದೇಶಕನು ಒಂದೇ ಒಂದು ಸ್ವರಲಿಪಿಯ ಪ್ರತಿಯಿಂದ ಸುಮಾರು ನೂರೈವತ್ತು ಮಂದಿಗೆ ವರ್ದಿಯ ‘ರೆಕ್ವಿಯಮ್’ ಎಂಬ ಮೃತರ ಶಾಂತಿಗೀತವನ್ನು ಬಾಯಿಪಾಠ ಮಾಡಿಸಿದನು. ಕ್ರೈಸ್ತರ ಲ್ಯಾಟಿನ್ ಪ್ರಾರ್ಥನೆಯನ್ನು ಯಹೂದಿ ಸೆರೆಯಾಳುಗಳು ಹಾಡಿದರು. ಕೊನೆಯ ತೀರ್ಪಿನ ದಿನವನ್ನು ವರ್ಣಿಸುವ ಆ ಮಾತುಗಳನ್ನು ಸೆರೆಹಿಡಿದವರ ಮುಖಕ್ಕೆ ನೇರವಾಗಿ ಹಾಡಬಹುದೆಂಬುದು ಅವನ ಆಶಯವಾಗಿತ್ತೆಂದು ಬದುಕುಳಿದ ಗಾಯಕರು ಹೇಳಿದ್ದಾರೆ. ತಾಲೀಮು ಮುಗಿಯುವಷ್ಟರಲ್ಲಿ ಪೂರ್ವಕ್ಕೆ ಹೋಗುವ ರೈಲು ಮೇಳವನ್ನು ಖಾಲಿ ಮಾಡುತ್ತಿತ್ತು. ಷೆಖ್ಟರ್ ಮತ್ತೆ ಹೊಸಬರನ್ನು ಸೇರಿಸಿ ಮೊದಲಿನಿಂದ ಕಲಿಸುತ್ತಿದ್ದನು. ಹೀಗೆ ಹದಿನಾರು ಬಾರಿ ಅದು ಪ್ರದರ್ಶಿತವಾಯಿತು. ಹಾನ್ಸ್ ಕ್ರಾಸಾನ ‘ಬ್ರುಂಡಿಬಾರ್’ ಎಂಬ ಮಕ್ಕಳ ಗೀತನಾಟಕ ೧೯೪೩ರ ಸೆಪ್ಟೆಂಬರಿನಿಂದ ಐವತ್ತೈದು ಬಾರಿ ನಡೆಯಿತು. ಅಲ್ಲಿಯೂ ಪಾತ್ರಧಾರಿ ಮಕ್ಕಳು ಬದಲಾಗುತ್ತಲೇ ಇದ್ದರು.

ಷೋನ್‌ಬರ್ಗನ ಶಿಷ್ಯನಾಗಿದ್ದ ವಿಕ್ಟರ್ ಉಲ್ಮನ್ ಅಲ್ಲಿದ್ದ ಎರಡು ವರ್ಷಗಳಲ್ಲಿ ಇಪ್ಪತ್ತರಷ್ಟು ಕೃತಿಗಳನ್ನು ರಚಿಸಿದನು. ಪೀಟರ್ ಕೀನ್ ಎಂಬ ತರುಣನು ಬರೆದ ಪಠ್ಯಕ್ಕೆ ಅವನು ಸಂಗೀತವನ್ನಿತ್ತ ‘ಅಟ್ಲಾಂಟಿಸ್ಸಿನ ಚಕ್ರವರ್ತಿ’ ಎಂಬ ಗೀತನಾಟಕದ ವಸ್ತು ಹೀಗಿದೆ: ಎಲ್ಲರ ಮೇಲೂ ಎಲ್ಲರೂ ಯುದ್ಧ ಹೂಡಬೇಕೆಂದು ಚಕ್ರವರ್ತಿ ಸಾರುತ್ತಾನೆ. ತನ್ನ ಕೆಲಸಕ್ಕಿದ್ದ ಘನತೆಯನ್ನು ಈ ಯಂತ್ರಯುದ್ಧ ಹಾಳುಮಾಡಿತೆಂದು ಮೃತ್ಯು ಮುಷ್ಕರ ಹೂಡುತ್ತಾನೆ, ಯಾರೂ ಸಾಯದಂತಾಗುತ್ತದೆ. ಮೊದಲು ಚಕ್ರವರ್ತಿಯೇ ಬರುವುದಾದರೆ ಮಾತ್ರ ತಾನು ಕೆಲಸಕ್ಕೆ ಮರಳುವೆನೆಂಬುದು ಮೃತ್ಯುವಿನ ಕರಾರು. ನಮ್ಮ ನಚಿಕೇತನ ಎದುರಿನ ಯಮನನ್ನು ಬಲ್ಲ ವಾಚಕರಿಗೆ ಘನತೆಯುಳ್ಳ ಈ ಮೃತ್ಯು ಅಪರಿಚಿತನಾಗಿ ಕಾಣಲಾರ. ದಿನವೂ ಹೆಣಗಳ ಬಂಡಿಯನ್ನು ಕಾಣುತ್ತಿದ್ದವರು, ಸಾವಿಗೆ ಅದರ ಗೌರವವನ್ನು ಹಿಂದಿರುಗಿಸಿರೆಂದು ಕೇಳಿದ ಕೃತಿ ಇದು. ೧೯೪೪ರಲ್ಲಿ ತಾಲೀಮು ನಡೆದರೂ ಅದು ಅಲ್ಲಿ ರಂಗವನ್ನು ಕಾಣಲಿಲ್ಲ. ಮೊದಲ ಪ್ರದರ್ಶನ ನಡೆದದ್ದು ೧೯೭೫ರ ಡಿಸೆಂಬರಿನಲ್ಲಿ, ಆಮ್ಸ್‌ಟರ್‌ಡ್ಯಾಮಿನಲ್ಲಿ. ಅದೇ ೧೯೪೪ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಉಲ್ಮನ್, ಸೆರೆಯು ತನ್ನ ಸಂಗೀತಕ್ಕೆ ಅಡ್ಡಿಯಾಗಲಿಲ್ಲ, ಪೋಷಕವೇ ಆಯಿತು ಎಂಬ ಅಭಿಪ್ರಾಯವನ್ನು ಕೊಟ್ಟಿದ್ದಾನೆ. ಸಂಸ್ಕೃತಿಯನ್ನು ಬಯಸುವ ಶಕ್ತಿ ಬದುಕನ್ನು ಬಯಸುವ ಶಕ್ತಿಗೆ ಸಮನಾಗಿತ್ತೆಂಬುದು ಅವನ ನಿಲುವು.

ಈ ಮಾತನ್ನು ಅವನು ಹೇಳಬಹುದು, ನಾವು ಹೇಳಬಾರದು. ಸಂಕಟ ಕಲೆಗೆ ಗೊಬ್ಬರವೆಂಬ ಸುಲಭಸೂತ್ರವನ್ನು ಬೆಚ್ಚನೆಯ ಕೋಣೆಯಲ್ಲಿ ಕುಳಿತ ವಿಮರ್ಶಕನು ಉಚ್ಚರಿಸಿದರೆ ಅದು ಸೆರೆಮನೆಗೆ ಪ್ರಶಸ್ತಿಪತ್ರ ಕೊಟ್ಟಂತೆ. ೧೯೪೪ರ ಅಕ್ಟೋಬರ್ ೧೬ರಂದು ತೆರೆಜೀನಿನಿಂದ ಆಷ್‌ವಿಟ್ಸಿಗೆ ಹೊರಟ ಒಂದೇ ರೈಲಿನಲ್ಲಿ ಉಲ್ಮನ್, ಕ್ರಾಸಾ, ಷೆಖ್ಟರ್, ಪಾವೆಲ್ ಹಾಸ್, ಗಿಡಿಯೋನ್ ಕ್ಲೈನ್, ಕಾರೆಲ್ ಆಂಚೆರ್ಲ್ ಎಲ್ಲರೂ ಇದ್ದರು. ಉಲ್ಮನ್, ಕ್ರಾಸಾ, ಹಾಸ್ ಕೆಲವೇ ದಿನಗಳೊಳಗೆ ಕೊಲೆಯಾದರು. ಷೆಖ್ಟರ್ ಮತ್ತು ಕ್ಲೈನ್ ಯುದ್ಧದ ಅಂತ್ಯವನ್ನು ಕಾಣಲಿಲ್ಲ. ಆಂಚೆರ್ಲ್ ಒಬ್ಬನೇ ಉಳಿದು, ಮುಂದೆ ಚೆಕ್ ಫಿಲ್ಹಾರ್ಮೊನಿಕ್ಕಿನ ಪ್ರಧಾನ ನಿರ್ದೇಶಕನಾದನು. ಒಂದೇ ರೈಲು, ಒಂದೇ ಕಲೆ, ಒಂದೇ ಶ್ರದ್ಧೆ. ಉಳಿದವನ ಕಲೆ ಅಳಿದವರ ಕಲೆಗಿಂತ ಹೆಚ್ಚು ಶಕ್ತವಾಗಿತ್ತೆಂದು ಹೇಳುವ ಧೈರ್ಯ ಯಾರಿಗಿದೆ? ‘ಕಲೆ ಬದುಕಿಸಿತು’ ಎಂದು ನಾವು ಆಂಚೆರ್ಲನ ವಿಷಯದಲ್ಲಿ ಹೇಳಿದರೆ, ‘ಕಲೆ ಕೈಬಿಟ್ಟಿತು’ ಎಂದು ಉಲ್ಮನನ ವಿಷಯದಲ್ಲಿ ಹೇಳಬೇಕಾಗುತ್ತದೆ. ಎರಡೂ ಸುಳ್ಳು.

೫

ಇನ್ನೊಂದು ಆಕ್ಷೇಪವನ್ನೂ ಎದುರಿಸಬೇಕು. ಸೆರೆಯ ಕಲೆಯಿಂದ ಸೆರೆಹಿಡಿದವನಿಗೇ ಲಾಭವಾಗಲಿಲ್ಲವೆ? ಆಯಿತು. ೧೯೪೪ರ ಜೂನ್ ೨೩ರಂದು ಅಂತರರಾಷ್ಟ್ರೀಯ ರೆಡ್ ಕ್ರಾಸಿನ ಪ್ರತಿನಿಧಿಗಳು ತೆರೆಜೀನಿಗೆ ಬಂದಾಗ, ನಾತ್ಸಿಗಳು ಊರಿಗೆ ಬಣ್ಣ ಬಳಿದು ‘ಬ್ರುಂಡಿಬಾರ್’ ಆಡಿಸಿ ತೋರಿಸಿದರು. ಅನಂತರ ಪ್ರಚಾರದ ಚಲನಚಿತ್ರವನ್ನೂ ತೆಗೆಸಿದರು. ಮಕ್ಕಳ ಹಾಡು ಕೊಲೆಗಡುಕರ ಬಾಗಿಲಿಗೆ ತೋರಣವಾಯಿತು.

ಇದಕ್ಕಿಂತ ದಾರುಣವಾದ ನಿದರ್ಶನ ಆಷ್‌ವಿಟ್ಸಿನದೇ. ಅಲ್ಲಿಯ ಹೆಂಗಸರ ಶಿಬಿರದಲ್ಲಿ ಸೆರೆಯಾಳುಗಳದೇ ವಾದ್ಯವೃಂದವಿತ್ತು. ಕೆಲಸದ ತಂಡಗಳು ಬೆಳಿಗ್ಗೆ ಹೊರಡುವಾಗಲೂ ಸಂಜೆ ಮರಳುವಾಗಲೂ ಹೆಜ್ಜೆಯ ತಾಳಕ್ಕೆ ನುಡಿಸುವುದು ಅದರ ಕರ್ತವ್ಯ. ಮಾಹ್ಲರನ ತಂಗಿಯ ಮಗಳು ಆಲ್ಮಾ ರೋಜೆ ಅದನ್ನು ನಡೆಸುತ್ತಿದ್ದು, ೧೯೪೪ರ ಏಪ್ರಿಲಿನಲ್ಲಿ ಅಲ್ಲಿಯೇ ಸತ್ತಳು. ಸೆಲ್ಲೊ ನುಡಿಸುತ್ತಿದ್ದ ಅನಿತಾ ಲಾಸ್ಕರ್ ಮುಂತಾದ ತರುಣಿಯರು ಆ ವೃಂದದಲ್ಲಿ ಇದ್ದುದರಿಂದಲೇ ಜೀವ ಉಳಿಸಿಕೊಂಡರು. ಕಲೆ ಅಕ್ಷರಶಃ ಪ್ರಾಣ ಕಾಯ್ದ ಪ್ರಸಂಗ ಇದು. ಆದರೆ ಹೇಗೆ ಕಾಯ್ದಿತು? ಸೆರೆಹಿಡಿದವನಿಗೆ ಬೇಕಾಗಿದ್ದುದರಿಂದ. ಮಮ್ಮಟನ ಪಟ್ಟಿಯಲ್ಲಿ ಇದು ಶಿವೇತರಕ್ಷತಿಯಲ್ಲ, ‘ಅರ್ಥ’. ಅರಸನನ್ನು ಮೆಚ್ಚಿಸಿ ಪಡೆದ ಧನದಂತೆ, ಒಡೆಯನಿಗೆ ನುಡಿಸಿ ಪಡೆದ ರೊಟ್ಟಿ. ಆ ರೊಟ್ಟಿಯನ್ನು ಹೀಗಳೆಯುವ ಹಕ್ಕು ನಮಗಿಲ್ಲ. ಆದರೆ ಅದನ್ನು ಕಲೆಯ ವಿಜಯವೆಂದು ಕರೆಯುವುದೂ ಸಲ್ಲದು. ದೇಹವನ್ನು ಉಳಿಸಿದಲ್ಲಿ ಕಲೆ ಊಳಿಗದಲ್ಲಿತ್ತು. ಸ್ವತಂತ್ರವಾಗಿದ್ದಲ್ಲಿ ಅದಕ್ಕೆ ದೇಹವನ್ನು ಉಳಿಸುವ ಬಲವಿರಲಿಲ್ಲ. ಸೆರೆಯ ಕಲೆಯ ಬಗ್ಗೆ ಬರೆಯುವವರು ಈ ಕಹಿಸತ್ಯವನ್ನು ನುಂಗಿಕೊಂಡೇ ಮುಂದೆ ಬರೆಯಬೇಕು.

ಹಾಗಾದರೆ ಸ್ವತಂತ್ರವಾದ ಕಲೆಯಿಂದ ಆದದ್ದೇನು? ಇದಕ್ಕೆ ಉತ್ತರವನ್ನು ಸೆರೆಹಿಡಿದವನ ಭಯವೇ ಹೇಳುತ್ತದೆ. ತೆರೆಜೀನಿನ ನಕ್ಷೆಯ ಕಚೇರಿಯಲ್ಲಿ ಕೆಲಸಮಾಡುತ್ತಿದ್ದ ಬೆಡ್ರಿಖ್ ಫ್ರಿಟ್ಟಾ, ಲಿಯೋ ಹಾಸ್, ಒಟ್ಟೊ ಉಂಗರ್, ಫರ್ಡಿನಾಂಡ್ ಬ್ಲಾಖ್ ಎಂಬ ಚಿತ್ರಕಾರರು ಹಗಲು ಅಧಿಕಾರಿಗಳಿಗೆ ಬೇಕಾದ ನಕ್ಷೆಗಳನ್ನು ಬರೆಯುತ್ತ, ಗುಟ್ಟಾಗಿ ತಾವು ಕಂಡದ್ದನ್ನು ಬರೆದರು: ಅನ್ನದ ಸರದಿ, ಮುದುಕರ ಕೋಣೆ, ಹೆಣದ ಬಂಡಿ. ೧೯೪೪ರ ಜುಲೈಯಲ್ಲಿ ಅವರನ್ನು ಹಿಡಿದು ವಿಚಾರಿಸಿ ‘ಚಿಕ್ಕ ಕೋಟೆ’ ಎಂಬ ಕಾರಾಗೃಹಕ್ಕೆ ತಳ್ಳಿದರು. ಉಂಗರನ ಬಲಗೈಯನ್ನು ಜಜ್ಜಿದರು. ಬ್ಲಾಖ್ ಮತ್ತು ಫ್ರಿಟ್ಟಾ ಆ ವರ್ಷವೇ, ಉಂಗರ್ ಮರುವರ್ಷ ತೀರಿಕೊಂಡರು. ಲಿಯೋ ಹಾಸ್ ಉಳಿದು ಹಿಂದಿರುಗಿ, ಗೋಡೆಗಳಲ್ಲಿಯೂ ನೆಲದಲ್ಲಿಯೂ ಹುದುಗಿಸಿಟ್ಟಿದ್ದ ಚಿತ್ರಗಳನ್ನು ಹೊರತೆಗೆದನು. ಅನಾಥನಾಗಿ ಉಳಿದಿದ್ದ ಫ್ರಿಟ್ಟಾನ ಪುಟ್ಟ ಮಗನನ್ನು ತನ್ನ ಮಗನನ್ನಾಗಿ ಸಾಕಿದನು. ಸಾವಿರಾರು ಸೈನಿಕರುಳ್ಳ ಪ್ರಭುತ್ವ ನಾಲ್ವರ ಶಾಯಿಯ ಗೆರೆಗಳಿಗೆ ಹೆದರಿತು. ಹೆದರಿದುದು ಸೌಂದರ್ಯಕ್ಕಲ್ಲ, ಸಾಕ್ಷ್ಯಕ್ಕೆ. ಲೋಕವ್ಯವಹಾರದ ಅರಿವು ಕಾವ್ಯದ ಪ್ರಯೋಜನವೆಂದಾಗ ಮಮ್ಮಟನು ಇಂಥ ಲೋಕವನ್ನು ಊಹಿಸಿರಲಾರ. ಸೂತ್ರ ಮಾತ್ರ ಇಲ್ಲಿಗೂ ಸಲ್ಲುತ್ತದೆ.

೬

ಕೊನೆಯದಾಗಿ ಎರಡು ಚಿಕ್ಕ ವಿಷಯಗಳನ್ನು ಎದುರುಬದುರಾಗಿ ಇಟ್ಟು ನೋಡಬೇಕೆನಿಸುತ್ತದೆ.

ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಫ್ರೀಡ್ಲ್ ಡಿಕರ್ ಬ್ರಾಂಡೈಸ್ ತೆರೆಜೀನಿನಲ್ಲಿ ಮಕ್ಕಳಿಗೆ ಚಿತ್ರಕಲೆಯನ್ನು ಕಲಿಸಿದಳು. ಕಾಗದ ಸಿಕ್ಕದೆ, ಕಚೇರಿಯಲ್ಲಿ ಬಳಸಿಬಿಟ್ಟ ನಮೂನೆಗಳ ಹಿಂಬದಿಯಲ್ಲಿ ಮಕ್ಕಳು ಬರೆಯುತ್ತಿದ್ದರು. ಪ್ರತಿಯೊಂದು ಮಗುವೂ ತನ್ನ ಚಿತ್ರದ ಮೇಲೆ ತನ್ನ ಹೆಸರನ್ನು ಬರೆಯಬೇಕೆಂಬುದು ಆಕೆಯ ನಿಯಮ. ೧೯೪೪ರ ಅಕ್ಟೋಬರಿನಲ್ಲಿ ತನ್ನನ್ನು ರೈಲಿಗೆ ಕರೆದಾಗ ಆಕೆ ಸುಮಾರು ನಾಲ್ಕೂವರೆ ಸಾವಿರ ಚಿತ್ರಗಳನ್ನು ಎರಡು ಪೆಟ್ಟಿಗೆಗಳಲ್ಲಿ ತುಂಬಿಟ್ಟು ಹೋದಳು, ಹಿಂದಿರುಗಲಿಲ್ಲ. ಆ ಮಕ್ಕಳಲ್ಲಿ ಬಹುಪಾಲು ಹಿಂದಿರುಗಲಿಲ್ಲ. ಪೆಟ್ಟಿಗೆಗಳು ಯುದ್ಧ ಮುಗಿದ ಮೇಲೆ ಪ್ರಾಗ್ ನಗರವನ್ನು ಸೇರಿದುವು. ಚಿತ್ರಗಳು ಇಂದು ಅಲ್ಲಿಯ ಯಹೂದಿ ವಸ್ತುಸಂಗ್ರಹಾಲಯದಲ್ಲಿವೆ. ರುಜು ಇಲ್ಲದ ಕಾಗದಕ್ಕೆ ಬೆಲೆಯಿಲ್ಲವೆಂಬುದನ್ನು ನಾನು ವೃತ್ತಿಯಿಂದ ಬಲ್ಲೆ. ಆದರೆ ರುಜುವಿನ ನಿಜವಾದ ಅರ್ಥ ನನಗೆ ತಿಳಿದದ್ದು ಈ ಮಕ್ಕಳ ಹೆಸರುಗಳನ್ನು ಕುರಿತು ಓದಿದಾಗ. ಶಿಬಿರ ಅವರಿಗೆ ಸಾಗಣೆಯ ಸಂಖ್ಯೆಯನ್ನು ಕೊಟ್ಟಿತ್ತು. ನಮೂನೆಯ ಮುಂಬದಿಯಲ್ಲಿ ಸಂಖ್ಯೆಯ ಲೋಕ, ಹಿಂಬದಿಯಲ್ಲಿ ಚಿಟ್ಟೆ, ಮನೆ, ಮರ, ಕೆಳಗೆ ಒಂದು ಹೆಸರು.

ಇನ್ನೊಂದು ನಮ್ಮ ದೇಶದವನದೇ, ಮೊದಲನೆಯ ಮಹಾಯುದ್ಧದ ಕಾಲದ್ದು. ಬರ್ಲಿನ್ನಿನ ಹತ್ತಿರದ ವ್ಯೂನ್ಸ್‌ಡಾರ್ಫಿನಲ್ಲಿ ಬ್ರಿಟಿಷ್ ಸೇನೆಯ ಭಾರತೀಯ ಸಿಪಾಯಿಗಳನ್ನು ಸೆರೆಯಿಟ್ಟಿದ್ದ ಶಿಬಿರವಿತ್ತು. ಜರ್ಮನ್ ವಿದ್ವಾಂಸರು ಭಾಷಾಶಾಸ್ತ್ರಕ್ಕೆಂದು ಸೆರೆಯಾಳುಗಳ ಕಂಠಗಳನ್ನು ಧ್ವನಿಮುದ್ರಿಸಿಕೊಂಡರು. ೧೯೧೬ರ ಡಿಸೆಂಬರ್ ೧೧ರಂದು ಪಂಜಾಬಿನ ಮಲ್ ಸಿಂಗ್ ಎಂಬ ಸಿಪಾಯಿ ಯಂತ್ರದ ಎದುರಿನಲ್ಲಿ ಒಂದು ನಿಮಿಷಕ್ಕೆ ಸ್ವಲ್ಪ ಮೇಲ್ಪಟ್ಟು ಮಾತನಾಡಿದನು. ಅವನು ‘ನಾನು’ ಎಂದು ಹೇಳಲಿಲ್ಲ. ಒಬ್ಬ ಮನುಷ್ಯನಿದ್ದನೆಂದೂ, ಅವನು ಹಿಂದೂಸ್ಥಾನದಲ್ಲಿ ಬೆಣ್ಣೆ ತಿನ್ನುತ್ತಿದ್ದನೆಂದೂ, ಯುದ್ಧಕ್ಕೆ ಬಂದು ಜರ್ಮನರ ಕೈಗೆ ಸಿಕ್ಕನೆಂದೂ, ಊರಿಗೆ ಹೋದರೆ ಮತ್ತೆ ಅದೇ ಊಟ ಸಿಕ್ಕೀತೆಂದೂ, ಅಜ್ಜಿಕಥೆಯ ಧಾಟಿಯಲ್ಲಿ ಹೇಳಿದನು. ಅವನು ಕವಿಯಲ್ಲ. ಆದರೆ ತನ್ನ ಸಂಕಟವನ್ನು ತನ್ನಿಂದ ಒಂದು ಹೆಜ್ಜ ದೂರವಿಟ್ಟು, ಅದನ್ನು ‘ಒಬ್ಬ ಮನುಷ್ಯನ’ ಕಥೆಯಾಗಿ ಮಾಡಿದ ಕ್ಷಣದಲ್ಲಿ, ಭಟ್ಟನಾಯಕನು ಸಾಧಾರಣೀಕರಣ ಎಂದು ಹೆಸರಿಟ್ಟ ಕಾರ್ಯವನ್ನು ಆ ರೈತನ ಮಗ ಮಾಡಿದ್ದಾನೆ. ಯಂತ್ರಕ್ಕೆ ಬೇಕಾಗಿದ್ದುದು ಉಚ್ಚಾರಣೆಯ ಮಾದರಿ; ಅವನು ಕೊಟ್ಟದ್ದು ಕಥೆ.

ಮಕ್ಕಳು ಹೆಸರನ್ನು ಬರೆದು ಉಳಿದರು. ಮಲ್ ಸಿಂಗ್ ‘ನಾನು’ ಎಂಬುದನ್ನು ಬಿಟ್ಟು ಉಳಿದನು. ಇವೆರಡೂ ವಿರುದ್ಧವೆಂದು ಮೊದಲು ತೋರುತ್ತದೆ. ಆದರೆ ಸೆರೆ ಮನುಷ್ಯನಿಂದ ಕಸಿಯುವುದು ಎರಡನ್ನು: ತಾನು ಇತರರಂತಲ್ಲದ ಒಬ್ಬನೆಂಬುದನ್ನು, ತಾನು ಎಲ್ಲರಂತೆಯೇ ಒಬ್ಬ ಮನುಷ್ಯನೆಂಬುದನ್ನು. ಕಲೆ ಎರಡನ್ನೂ ಹಿಂದಕ್ಕೆ ಕೊಡುತ್ತದೆ. ಬೇರೆ ಯಾವ ಉಪಾಯವೂ ಎರಡನ್ನೂ ಒಟ್ಟಿಗೆ ಕೊಡಲಾರದು.

೭

ಈಗ ಮಮ್ಮಟನ ಪದಕ್ಕೆ ಮರಳೋಣ. ಆಚಾರ್ಯನು ‘ಶಿವೇತರನಾಶ’ ಎಂದು ಬರೆಯಲಿಲ್ಲ, ‘ಕ್ಷತಿ’ ಎಂದನು. ವ್ಯಾಖ್ಯಾನಕಾರರು ಇದನ್ನು ನಾಶ, ನಿವಾರಣೆ ಎಂದೇ ಅರ್ಥೈಸಿದರು. ಮಯೂರನ ಕಥೆ ಅವರಿಗೆ ಬೆಂಬಲವಾಯಿತು. ಆದರೆ ಕ್ಷತಿಯೆಂದರೆ ಗಾಯ, ಊನ, ನಷ್ಟ ಎಂಬ ಅರ್ಥವೂ ಉಂಟು. ಕನ್ನಡದಲ್ಲಿ ನಾವು ಇಂದಿಗೂ ಬಳಸುವುದು ಆ ಅರ್ಥದಲ್ಲಿಯೇ. ಕಲೆ ಅಮಂಗಳವನ್ನು ಅಳಿಸಲಾರದು. ಆದರೆ ಅದಕ್ಕೆ ಊನವನ್ನುಂಟುಮಾಡಬಲ್ಲುದು. ಅದು ಪೂರ್ಣವಾಗದಂತೆ ತಡೆಯಬಲ್ಲುದು. ಗೋರ್ಲಿಟ್ಸಿನಲ್ಲಿ ಒಂದು ಸಂಜೆಯ ಕಾಲ, ಪಾಲೆಂಬಾಂಗಿನಲ್ಲಿ ನಾಲ್ಕು ಪಂಕ್ತಿಗಳ ಹೊಂದಾಣಿಕೆ, ತೆರೆಜೀನಿನಲ್ಲಿ ನಮೂನೆಯ ಹಿಂಬದಿ, ಇಷ್ಟು ಅಮಂಗಳದ ಕೈತಪ್ಪಿತು. ಕೊಲೆ ನಡೆಯಿತು, ಆದರೆ ಸರ್ವವನ್ನೂ ಒಳಗೊಳ್ಳಬೇಕೆಂಬ ಅದರ ಸಂಕಲ್ಪ ಭಂಗವಾಯಿತು. ಶಿವೇತರಕ್ಕೆ ಆದ ಕ್ಷತಿ ಇದು. ಸೂತ್ರದ ಈ ಅರ್ಥ ಮಮ್ಮಟನ ಮನಸ್ಸಿನಲ್ಲಿತ್ತೆಂದು ನಾನು ವಾದಿಸುವುದಿಲ್ಲ. ಅವನ ಪದಕ್ಕೆ ಈ ಭಾರವನ್ನು ಹೊರುವ ಶಕ್ತಿಯಿದೆ ಎಂದಷ್ಟೇ ನನ್ನ ವಿನಂತಿ.

ಇದರಿಂದ ವಿಮರ್ಶಕರಿಗೆ ಎರಡು ಕರ್ತವ್ಯಗಳು ಒದಗುತ್ತವೆ. ಸೆರೆಯ ಕೃತಿಗಳನ್ನು ಕನಿಕರದಿಂದ ಅಳೆಯಬಾರದು ಎಂಬುದು ಮೊದಲನೆಯದು. ಉಲ್ಮನ್ ದಯೆಯನ್ನು ಬೇಡಲಿಲ್ಲ, ಕಿವಿಯನ್ನು ಬೇಡಿದನು. ಅವನ ಕೃತಿಯನ್ನು ಕೃತಿಯಾಗಿಯೇ ಕೇಳಿ, ದುರ್ಬಲವಾದಲ್ಲಿ ದುರ್ಬಲವೆಂದು ಹೇಳುವುದೇ ಅವನಿಗೆ ಸಲ್ಲುವ ಗೌರವ. ಎರಡನೆಯದು, ಸೆರೆಯೆಂಬ ಮಾತನ್ನು ಅಗ್ಗವಾಗಿ ಬಳಸದಿರುವುದು. ಊರುಬಿಟ್ಟು ಈ ಮಹಾನಗರಗಳಿಗೆ ಬಂದ ನಾವು ನಮ್ಮ ಸಂಘಗಳ ವಾರ್ಷಿಕೋತ್ಸವಗಳಲ್ಲಿ ‘ಪರನಾಡಿನ ಸೆರೆ’, ‘ವನವಾಸ’ ಎಂದು ಧಾರಾಳವಾಗಿ ಭಾಷಣ ಮಾಡುತ್ತೇವೆ. ನಾನೂ ಒಮ್ಮೆ ವೇದಿಕೆಯ ಮೇಲೆ ಹಾಗೆ ಮಾತನಾಡಿ ಚಪ್ಪಾಳೆ ಪಡೆದವನೇ. ಸಂಜೆ ಐದೂಮುಕ್ಕಾಲರ ಲೋಕಲ್ ರೈಲನ್ನು ಹಿಡಿದು ಮನೆಗೆ ಬಂದು ಬಿಸಿ ಅನ್ನ ಉಣ್ಣುವವನಿಗೆ ಆ ರೂಪಕದ ಮೇಲೆ ಹಕ್ಕಿಲ್ಲವೆಂದು ಈಗ ತೋರುತ್ತದೆ. ನಮ್ಮದು ಆರಿಸಿಕೊಂಡ ದೂರ, ಸೆರೆಯಲ್ಲ.

ಆದರೂ ಅವರಿಂದ ನಾವು ಕಲಿಯಬಹುದಾದದ್ದು ಒಂದುಂಟು. ಮೂವತ್ತು ಮಂದಿ ಹಸಿದ ಹೆಂಗಸರು ನೆನಪಿನಿಂದ ಒಂದು ಸಿಂಫನಿಯ ಭಾಗವನ್ನು ಬರೆದಿಳಿಸಿ ಕಲಿತು ಹಾಡಿದರು. ಎಲ್ಲ ಅನುಕೂಲಗಳೂ ಇರುವ ನಾವು ನಮ್ಮ ಮನೆಗಳಲ್ಲಿ ಎಷ್ಟನ್ನು ನೆನಪಿನಿಂದ ಹೇಳಬಲ್ಲೆವು, ಎಷ್ಟನ್ನು ಮಕ್ಕಳಿಗೆ ಕಲಿಸಿದ್ದೇವೆ? ಕಸಿದುಕೊಳ್ಳಲು ಯಾರೂ ಇಲ್ಲದಿದ್ದರೂ ನಾವೇ ಕೈಬಿಟ್ಟದ್ದು ಎಷ್ಟು? ಈ ಲೆಕ್ಕವನ್ನು ಪ್ರತಿಯೊಬ್ಬರೂ ತಮ್ಮತಮ್ಮಲ್ಲಿಯೇ ತಾಳೆ ನೋಡಿಕೊಳ್ಳಬೇಕಾಗಿದೆ.